ಮೇ 22ಕ್ಕೆ ಬ್ಯಾಡ ಅಂದ್ಲು ಅವ್ವ

ತಿಂಗಳಿಗೊಮ್ಮೆ ಬೆಂಗಳೂರು ಆಫೀಸಿಗೆ ಮುಖ ತೋರಿಸಿ ಬರೋದು ನನ್ನ ಕೆಲಸದ ಕರಾರು. ಈ ಸಲ ಮೀಟಿಂಗ್ ಬಿದ್ದಿದ್ದು ಮೇ 22ಕ್ಕೆ. ಬೇರೆ ರೈಲುಗಳಲ್ಲಿ ವೇಟಿಂಗ್ ಲಿಸ್ಟ್, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮಾತ್ರ ಬರ್ತ್ ಇತ್ತು. 21ರ ಸಂಜೆಗೆ ಬುಕ್ ಮಾಡಿ, ಸ್ಕ್ರೀನ್‌ಶಾಟನ್ನು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಹತ್ತೇ ನಿಮಿಷಕ್ಕೆ ಧಾರವಾಡದಿಂದ ಅವ್ವನ ಫೋನು.

"ತಮ್ಮಾ, ಆ ತಾರೀಖು ಬ್ಯಾಡೋ. ಒಂದಿನಾ ಬಿಟ್ಟು ಹೋಗು."

"ಯಾಕವ್ವಾ, ಅಮಾಸಿ ಐತೇನು?"

"ಅಮಾಸಿ ಅಲ್ಲ. ನಿಮ್ಮ ಮಾಮಾ ಒಂದು ಮೆಸೇಜ್ ಕಳಿಸ್ಯಾನ. ಮೊದಲ ಅದನ್ನ ಓದು."

ಓದಿದೆ. "ಮೇ 22 ಕರಾಳ ದಿನ" ಅನ್ನೋ ತಲೆಬರಹ. ಕೆಳಗೆ ಪಟ್ಟಿ: 1915ರಲ್ಲಿ ಸ್ಕಾಟ್ಲೆಂಡಿನ ರೈಲು ದುರಂತ, 1960ರಲ್ಲಿ ಚಿಲಿ ಭೂಕಂಪ, 2010ರಲ್ಲಿ ಮಂಗಳೂರು ವಿಮಾನ ದುರಂತ, 2011ರಲ್ಲಿ ಅಮೆರಿಕದ ಜಾಪ್ಲಿನ್ ಸುಂಟರಗಾಳಿ, 2012ರಲ್ಲಿ ಹಂಪಿ ಎಕ್ಸ್‌ಪ್ರೆಸ್, 2020ರಲ್ಲಿ ಕರಾಚಿ ವಿಮಾನ. ಕೊನೆಗೆ ಮೂರು ಕೈಮುಗಿದ ಚಿತ್ರ. "ಈ ದಿನ ಪ್ರಯಾಣ ಬೇಡ, ಹತ್ತು ಜನರಿಗೆ ಕಳಿಸಿ."

ಫೇಕ್ ಅಂತ ತಳ್ಳಿಹಾಕೋಣ ಅಂದುಕೊಂಡು ಒಂದೊಂದೇ ಸಾಲು ಹುಡುಕಿ ನೋಡಿದೆ. ಎಲ್ಲಾ ತಾರೀಖೂ ಸರಿ ಇದ್ದವು. ಮಂಗಳೂರಲ್ಲಿ ಸತ್ತವರು 158, ಜಾಪ್ಲಿನ್ ಸುಂಟರಗಾಳಿಗೆ ನೇರವಾಗಿ ಬಲಿಯಾದವರೂ 158. ಮೈ ಜುಮ್ ಅಂತು. ಅದರ ಮೇಲೆ ನಾನು ಟಿಕೆಟ್ ಮಾಡಿಸಿದ್ದು ಅದೇ ಹಂಪಿ ಎಕ್ಸ್‌ಪ್ರೆಸ್ಸಿಗೆ.

ಎರಡು ನಸುಕುಗಳು

ಮೊದಲು ನಮ್ಮವೇ ಎರಡು ದುರಂತ ನೋಡೋಣ.

2010ರ ಮೇ 22, ಶನಿವಾರ. ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ 6 ಗಂಟೆ ಸುಮಾರಿಗೆ ಮಂಗಳೂರಿನ ಬಜ್ಪೆಯಲ್ಲಿ ಇಳಿಯಬೇಕಿತ್ತು. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ರನ್‌ವೇ ಅದು, ಆಚೆ ಕಣಿವೆ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. 2,450 ಮೀಟರ್ ಉದ್ದದ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದೇ ಸುಮಾರು 1,600 ಮೀಟರ್ ದಾಟಿದ ಮೇಲೆ. ನಿಲ್ಲೋಕೆ ಜಾಗ ಸಾಲದೆ ಕಣಿವೆಗೆ ಉರುಳಿ ಬೆಂಕಿ ಹತ್ತಿತು. ಒಳಗಿದ್ದವರು 166 ಜನ, ಬದುಕಿ ಬಂದವರು 8.

ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ತನಿಖಾ ನ್ಯಾಯಾಲಯ ಕೇಳಿಸಿಕೊಂಡಿತು. ಎರಡು ತಾಸಿನ ಆ ಮುದ್ರಣದಲ್ಲಿ ಸುಮಾರು ಒಂದೂಮುಕ್ಕಾಲು ತಾಸು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎಚ್ಚರಾದ ಮೇಲೂ ನಿದ್ದೆಯ ಮಂಪರು ಪೂರ್ತಿ ಇಳಿದಿರಲಿಲ್ಲ ಅನ್ನೋದು ತನಿಖೆಯ ಅಭಿಪ್ರಾಯ. ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಅನ್ನೋದಕ್ಕೆ ವಿಮಾನದವರ ಮಾತು 'ಗೋ ಅರೌಂಡ್'. ಪಕ್ಕದಲ್ಲಿದ್ದ ಸಹ ಪೈಲಟ್ ಅದನ್ನು ಮೂರು ಸಲ ಹೇಳಿದ್ದರು. ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಸೋದನ್ನು ಬಿಡಲಿಲ್ಲ.

2012ರ ಮೇ 22, ಮಂಗಳವಾರ. ಹಿಂದಿನ ಸಂಜೆ ನಮ್ಮ ಹುಬ್ಬಳ್ಳಿಯಿಂದ ಹೊರಟ ಹಂಪಿ ಎಕ್ಸ್‌ಪ್ರೆಸ್ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಪೆನುಕೊಂಡ ಸ್ಟೇಷನ್ನಿಗೆ ಬಂದಾಗ ನಸುಕಿನ 3 ಗಂಟೆ ಮೀರಿತ್ತು. ಸಿಗ್ನಲ್ ಕೆಂಪಿತ್ತು. ರೈಲು ಅದನ್ನು ದಾಟಿ ಹೋಗಿ, ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಎಂಜಿನ್ನಿಗೆ ಹತ್ತಿರದ ಬೋಗಿಗೆ ಬೆಂಕಿ ಹತ್ತಿತು. ಸತ್ತವರು 25ರಷ್ಟು ಜನ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರೋ ಈ ಊರಲ್ಲಿ ಆ ಬೆಳಗನ್ನು ಮರೆಯದವರು ಇನ್ನೂ ಎಷ್ಟೋ ಮಂದಿ ಇದ್ದಾರೆ.

23 ಜನರ ಲೆಕ್ಕ

ಹಾಗಾದರೆ ತಾರೀಖಿನಲ್ಲಿ ಏನಾದರೂ ಇದೆಯಾ?

ನಿಮ್ಮ ಆಫೀಸಲ್ಲೇ ಒಂದು ಪ್ರಯೋಗ ಮಾಡಿ. ಒಂದು ಕೋಣೆಯಲ್ಲಿ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರೋ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 57 ಜನ ಇದ್ದರೆ ಶೇ 99. ಇಂಜಿನಿಯರಿಂಗ್ ಕ್ಲಾಸಲ್ಲಿ ಇದನ್ನು ಕೇಳಿದಾಗ ನಾನೂ ನಂಬಿರಲಿಲ್ಲ. ಗುಟ್ಟು ಏನಂದರೆ, ನಾವು ತಲೆ ಎಣಿಸ್ತೀವಿ, ಆದರೆ ಎಣಿಸಬೇಕಾದದ್ದು ಜೋಡಿಗಳನ್ನು. 23 ಜನರಲ್ಲಿ 253 ಜೋಡಿಗಳಾಗುತ್ತವೆ. ಎಲ್ಲೋ ಒಂದು ಜೋಡಿ ಹೊಂದೋ ಸಾಧ್ಯತೆಯೇ ಹೆಚ್ಚು.

ದುರಂತಗಳದ್ದೂ ಇದೇ ಲೆಕ್ಕ. ಇತಿಹಾಸದಲ್ಲಿ ದುರಂತಗಳು ಸಾವಿರಾರು, ವರ್ಷಕ್ಕೆ ದಿನಗಳು 365. ಒಂದೊಂದು ದಿನದ ಪಾಲಿಗೂ ಹತ್ತಾರು ಬರಲೇಬೇಕು. ನಂಬಿಕೆ ಬರದಿದ್ದರೆ ನಿಮ್ಮ ಹುಟ್ಟುಹಬ್ಬದ ತಾರೀಖನ್ನೇ ಹುಡುಕಿ ನೋಡಿ, ಅದಕ್ಕೂ ಒಂದು 'ಕರಾಳ ದಿನ'ದ ಪಟ್ಟಿ ತಯಾರಾಗುತ್ತದೆ.

ಧಾರವಾಡದವರಿಗೆ ಇನ್ನೊಂದು ಉದಾಹರಣೆ ಹೇಳೋದು ಬೇಕಾಗಿಲ್ಲ. ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದದ್ದು ಮಾರ್ಚ್ 19, 2019. ಸತ್ತವರು 19. ತಾರೀಖು 19, ಇಸವಿ 19, ಜೀವ 19. ಆಗಲೂ ಇಂಥ ಮೆಸೇಜ್ ಓಡಾಡಿತ್ತು. ಆದರೆ ಆ ಕಟ್ಟಡ ಬಿದ್ದದ್ದು ಅಂಕಿಯ ಭಾರಕ್ಕಲ್ಲ. ಹೊರಬೇಕಾದ ಭಾರವನ್ನು ಅದು ಹೊರಲಿಲ್ಲ, ಅಷ್ಟೇ. 19ರ ಬಗ್ಗೆ ಮಾತಾಡ್ತಾ ಕೂತರೆ ಸಿಮೆಂಟು, ಕಬ್ಬಿಣ, ಪರವಾನಗಿಯ ಬಗ್ಗೆ ಕೇಳೋದು ಬಿಟ್ಟೇ ಹೋಗುತ್ತದೆ. ನನಗೆ ಇಂಥ ಪಟ್ಟಿಗಳ ಮೇಲೆ ಸಿಟ್ಟು ಬರೋದು ಇದಕ್ಕೇ.

ತಾರೀಖು ಬಿಟ್ಟು ಕಾರಣ ನೋಡಿದರೆ

ಸಾಫ್ಟ್‌ವೇರ್‌ನಲ್ಲಿ ದಿನಾ ಬಗ್‌ಗಳ ಪಟ್ಟಿ ನೋಡೋರು ನಾವು. ತಾರೀಖಿನ ಪ್ರಕಾರ ಜೋಡಿಸಿದರೆ ಏನೂ ತಿಳಿಯೋದಿಲ್ಲ, ಕಾರಣದ ಪ್ರಕಾರ ಗುಂಪು ಮಾಡಿದರೆ ತಿಳೀತದೆ. ಮಾಮನ ಪಟ್ಟಿಯನ್ನೂ ಹಾಗೇ ಮಾಡಿದೆ.

1915ರ ಸ್ಕಾಟ್ಲೆಂಡ್. ಗ್ರೆಟ್ನಾ ಹತ್ತಿರದ ಕ್ವಿಂಟಿನ್ಸ್‌ಹಿಲ್ ಸಿಗ್ನಲ್ ಕ್ಯಾಬಿನ್‌ನಲ್ಲಿ ಬೆಳಿಗ್ಗೆ 6ಕ್ಕೆ ಪಾಳಿ ಬದಲಾಗಬೇಕು. ಇಬ್ಬರು ಸಿಗ್ನಲ್‌ಮನ್‌ಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಹೊಂದಾಣಿಕೆ ಬೇರೆ. ಹಗಲು ಪಾಳಿಯವನು ಅರ್ಧ ತಾಸು ತಡವಾಗಿ ಲೋಕಲ್ ರೈಲಲ್ಲಿ ಬರುತ್ತಿದ್ದ. ಆ ಅರ್ಧ ತಾಸಿನ ನಮೂದುಗಳನ್ನು ರಾತ್ರಿಯವನು ಒಂದು ಚೀಟಿಯಲ್ಲಿ ಗೀಚಿಡುತ್ತಿದ್ದ, ಬಂದವನು ತನ್ನ ಕೈಬರಹದಲ್ಲಿ ರಿಜಿಸ್ಟರಿಗೆ ಇಳಿಸುತ್ತಿದ್ದ. ಅವತ್ತೂ ಹಾಗೇ ನಕಲು ಮಾಡ್ತಾ ಕೂತವನು, ತಾನು ಇಳಿದು ಬಂದ ಲೋಕಲ್ ರೈಲು ಮುಖ್ಯ ಹಳಿಯ ಮೇಲೇ ನಿಂತಿರೋದನ್ನು ಮರೆತ. ಸೈನಿಕರಿದ್ದ ರೈಲಿಗೆ ದಾರಿ ಬಿಟ್ಟ. ಅದು ಗುದ್ದಿತು, ಅದರ ಮೇಲೆ ಇನ್ನೊಂದು ಎಕ್ಸ್‌ಪ್ರೆಸ್ ಬಂದು ಗುದ್ದಿತು. ಮರದ ಬೋಗಿ, ಗ್ಯಾಸಿನ ದೀಪ. ಸುಮಾರು 226 ಜನ ಸತ್ತರು. ಹಳಿಯ ಮೇಲೆ ಗಾಡಿ ಇದೆ ಅಂತ ನೆನಪಿಸೋಕೆ ಸಿಗ್ನಲ್ ಲಿವರಿಗೆ ಹಾಕೋ ಒಂದು ಕಾಲರ್ ಅಲ್ಲೇ ಇತ್ತು. ಯಾರೂ ಹಾಕಿರಲಿಲ್ಲ.

1960ರ ಚಿಲಿ ಭೂಕಂಪ ಈವರೆಗೆ ಅಳೆದದ್ದರಲ್ಲೇ ದೊಡ್ಡದು, 9.5 ತೀವ್ರತೆ. ಅದನ್ನು ಯಾರೂ ತಡೆಯೋ ಹಾಗಿರಲಿಲ್ಲ. ಆದರೆ ಅದರ ಸುನಾಮಿ ಹವಾಯಿಯ ಹಿಲೋ ಪಟ್ಟಣ ಮುಟ್ಟೋಕೆ ಸುಮಾರು 15 ತಾಸು ಹಿಡಿಯಿತು. ಸೈರನ್ ಮೊಳಗಿತ್ತು. ಆದರೂ ಎಷ್ಟೋ ಜನ ಮನೆ ಬಿಟ್ಟು ಕದಲಲಿಲ್ಲ. ಅಲ್ಲಿ 61 ಜನ ತೀರಿಕೊಂಡರು.

2020ರ ಕರಾಚಿ. ವಿಮಾನ ತೀರಾ ಎತ್ತರದಲ್ಲಿದೆ ಅಂತ ಕಂಟ್ರೋಲರ್ ಎಚ್ಚರಿಸಿದರು. ಪೈಲಟ್‌ಗಳು ಮುಂದುವರಿಸಿದರು, ಚಕ್ರ ಕೆಳಗಿಲ್ಲದೆಯೇ ರನ್‌ವೇಗೆ ತಂದರು. ಎಂಜಿನ್‌ಗಳು ನೆಲಕ್ಕೆ ಉಜ್ಜಿದವು. ಮತ್ತೆ ಮೇಲೇರಿದ ವಿಮಾನ ವಸತಿ ಪ್ರದೇಶದ ಮೇಲೆ ಬಿತ್ತು. ಒಳಗಿದ್ದ 99 ಜನರಲ್ಲಿ ಉಳಿದವರು ಇಬ್ಬರು.

ಈಗ ಪಟ್ಟಿಯಲ್ಲಿ ಇಲ್ಲದ ಒಂದು ತಾರೀಖು: 2020ರ ಆಗಸ್ಟ್ 7. ಕೋಯಿಕ್ಕೋಡ್. ಮಂಗಳೂರಿನ ಹಾಗೇ ಗುಡ್ಡದ ಮೇಲಿನ ರನ್‌ವೇ, ಅದೇ ಕಂಪನಿ, ಅದೇ ಮಾದರಿಯ ಬೋಯಿಂಗ್ ವಿಮಾನ. ಅಲ್ಲೂ ನೆಲ ಮುಟ್ಟಿದ್ದು ರನ್‌ವೇಯ ಅರ್ಧ ದಾರಿ ಕಳೆದ ಮೇಲೆ. ಅಲ್ಲೂ ಪಕ್ಕದ ಪೈಲಟ್ 'ಗೋ ಅರೌಂಡ್' ಅಂದಿದ್ದರು. 21 ಜನ ಸತ್ತರು. ಮಂಗಳೂರಿನ ನಿಜವಾದ ಜೋಡಿ ಇದು. ತಾರೀಖು ಬೇರೆ ಅನ್ನೋ ಒಂದೇ ಕಾರಣಕ್ಕೆ ಯಾವ ಫಾರ್ವರ್ಡ್ ಮೆಸೇಜಿನಲ್ಲೂ ಇವೆರಡು ಒಟ್ಟಿಗೆ ಬರೋದಿಲ್ಲ.

ಇವುಗಳಲ್ಲಿ ಒಂದೂ ಹೇಳದೆ ಕೇಳದೆ ಬಂದ ದುರಂತವಲ್ಲ. ಕೆಂಪು ದೀಪ, ಕಾಲರ್, ಸೈರನ್, ಪಕ್ಕದವರ ಮಾತು, ಹೀಗೆ ಎಲ್ಲೆಡೆ ಒಂದಲ್ಲ ಒಂದು ಎಚ್ಚರಿಕೆ ಇತ್ತು.

ನಮ್ಮ ಬೈಪಾಸು

ದೂರ ಯಾಕೆ ಹೋಗಬೇಕು? ಗಬ್ಬೂರಿನಿಂದ ನರೇಂದ್ರದವರೆಗಿನ ನಮ್ಮ ಬೈಪಾಸನ್ನೇ ತಗೊಳ್ಳಿ. ಎರಡೂ ಕಡೆಯಿಂದ ಅಗಲವಾಗಿ ಬರೋ ಹೆದ್ದಾರಿ ಇಲ್ಲಿ ಮಾತ್ರ ಡಿವೈಡರ್ ಇಲ್ಲದ ಎರಡು ಲೇನ್‌ಗೆ ಕಿರಿದಾಗಿ ವರ್ಷಗಟ್ಟಲೆ ಹಾಗೇ ಇತ್ತು. 2021ರ ಜನವರಿ 15, ಸಂಕ್ರಾಂತಿಯ ಮರುದಿನ ಬೆಳಿಗ್ಗೆ. ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನ ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಮುಖಾಮುಖಿಯಾಯಿತು. ಆಮೇಲೆ ರಸ್ತೆ ಅಗಲ ಮಾಡಿ ಅನ್ನೋ ಕೂಗು ಜೋರಾಯಿತು, ಷಟ್ಪಥದ ಕಾಮಗಾರಿಯೂ ಬಂತು. ಆ ರಸ್ತೆಯಲ್ಲಿ ಜನ ಸತ್ತ ತಾರೀಖುಗಳೆಲ್ಲ ಬೇರೆಬೇರೆ, ರಸ್ತೆ ಮಾತ್ರ ಒಂದೇ.

ಹೇಳೋರು, ಕೇಳೋರು

ಒಂದು ಸ್ವಂತ ಅನುಭವ. ಹೋದ ವರ್ಷ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಾಡಿಗೆ ಗಾಡಿಯಲ್ಲಿ ಊರಿಗೆ ಬರ್ತಾ ಇದ್ವಿ. ನಾನು ಡ್ರೈವರ್ ಪಕ್ಕದ ಸೀಟಲ್ಲಿ. ಹಾವೇರಿ ದಾಟಿದ ಮೇಲೆ, ಮೂರೂವರೆ ಇರಬೇಕು, ಡ್ರೈವರಿನ ತಲೆ ಒಮ್ಮೆ ವಾಲಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ನಾನು ನೋಡಿದೆ. ಆದರೆ ಬಾಯಿ ಬರಲಿಲ್ಲ. ವಯಸ್ಸಿನಲ್ಲಿ ಹಿರಿಯರು, ವರ್ಷಗಟ್ಟಲೆ ಗಾಡಿ ಓಡಿಸಿದವರು, ಇವರಿಗೆ ನಾನೇನು ಹೇಳೋದು ಅನ್ನೋ ಸಂಕೋಚ. ಆಗ ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ ಅಂದರು: "ಯಪ್ಪಾ, ನನಗ ಚಾ ಕುಡೀಬೇಕಾಗೇತಿ. ಎಲ್ಲೆರ ಒಂದೀಟು ಗಾಡಿ ನಿಂದ್ರಸು."

ಶಿಗ್ಗಾವಿ ಹತ್ತಿರ ನಿಲ್ಲಿಸಿದರು. ಡ್ರೈವರ್ ಮುಖ ತೊಳೆದು, ಇಪ್ಪತ್ತು ನಿಮಿಷ ಸೀಟಿನಲ್ಲೇ ಕಣ್ಣು ಮುಚ್ಚಿದರು. ಅಜ್ಜಿ ಚಹಾ ಕುಡಿಯಲೇ ಇಲ್ಲ. ಕೇಳಿದ್ದಕ್ಕೆ "ನನಗ ಚಾದ ಚಟಾನ ಇಲ್ಲ" ಅಂದರು.

ವಿಮಾನ ಲೋಕ ಇದನ್ನು ಕಲಿತದ್ದು ದೊಡ್ಡ ಬೆಲೆ ತೆತ್ತು. 1977ರಲ್ಲಿ ಟೆನೆರಿಫೆ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಫ್ಲೈಟ್ ಇಂಜಿನಿಯರ್ ಕೇಳಿದ್ದರು. ಕ್ಯಾಪ್ಟನ್ ಗಣನೆಗೆ ತಗೊಳ್ಳಲಿಲ್ಲ. ಆಮೇಲೆ ಕಿರಿಯರು ಹೇಳೋದನ್ನೂ ಹಿರಿಯರು ಕೇಳೋದನ್ನೂ ತರಬೇತಿಯಾಗಿಯೇ ಕಲಿಸೋದು ಶುರುವಾಯಿತು. ರೈಲಿನಲ್ಲಿ ಇದಕ್ಕೆ ಯಂತ್ರದ ಉತ್ತರ 'ಕವಚ್'. ಕೆಂಪು ಸಿಗ್ನಲ್ ಎದುರು ಚಾಲಕ ಬ್ರೇಕ್ ಹಾಕದಿದ್ದರೆ ಎಂಜಿನ್ ತಾನೇ ಹಾಕುತ್ತದೆ. ಅದರ ಮೊದಮೊದಲ ಪರೀಕ್ಷೆಗಳು ನಡೆದದ್ದು ನಮ್ಮ ವಾಡಿ, ಬೀದರ್ ಕಡೆಯ ಹಳಿಗಳ ಮೇಲೇ. ದೇಶದ ಎಲ್ಲಾ ಹಳಿಗಳಿಗೂ ಅದು ಇನ್ನೂ ಮುಟ್ಟಿಲ್ಲ. ನಾವು ಕೇಳಬೇಕಾದ್ದು "ಯಾವ ತಾರೀಖು ಕೆಟ್ಟದ್ದು" ಅಂತಲ್ಲ, "ನಮ್ಮ ದಾರಿಗೆ ಕವಚ್ ಯಾವಾಗ" ಅಂತ.

ಮತ್ತೆ, ನೆನಪಿಡೋದಕ್ಕೆ ತಾರೀಖು ಬೇಕೇ ಬೇಕು. ಗುರುತು ಸಿಗದ ದೇಹಗಳನ್ನು ಮಣ್ಣು ಮಾಡಿದ ಮಂಗಳೂರಿನ ತಣ್ಣೀರುಬಾವಿಯಲ್ಲಿ ಸ್ಮಾರಕವಿದೆ, ಮೇ 22ಕ್ಕೆ ಅಲ್ಲಿ ಹೂವಿಟ್ಟು ಬರುತ್ತಾರೆ. ಆ ದಿನದ ಉಪಯೋಗ ಅದು.

ಅವ್ವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಜೋಡಿಗಳ ಲೆಕ್ಕ ಆಕೆಗೆ ಹಿಡಿಸಲಿಲ್ಲ. ಅಜ್ಜಿಯ ಚಹಾದ ಕಥೆ ಹಿಡಿಸಿತು. "ಆ ಮುದುಕಿ ಶಾಣ್ಯಾ ಅದಾಳ. ನೀ ಯಾಕ ಸುಮ್ಮ ಕುಂತಿದ್ದಿ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಟಿಕೆಟ್ ಕ್ಯಾನ್ಸಲ್ ಮಾಡಲಿಲ್ಲ. ಪೆನುಕೊಂಡ ದಾಟುವಾಗ ಎಚ್ಚರವಾಗಿಯೇ ಇದ್ದೆ, ಕಿಟಕಿಯಾಚೆ ಸ್ಟೇಷನ್ನಿನ ದೀಪಗಳು ಹಿಂದೆ ಸರಿದವು. ಬೆಂಗಳೂರಲ್ಲಿ ಇಳಿದ ಕೂಡಲೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಆ ರಾತ್ರಿ ಆಕೆಯೂ ಮಲಗಿರಲಿಲ್ಲ.