ಹಳೆಯ ಜಾವಾ ಕೊಳ್ಳುವ ಮುನ್ನ

ಹಳೆಯ ಬಂಡಿಗೆ ಬೆಲೆ ಕಟ್ಟುವುದು ಹಳೆಯ ಕಾವ್ಯವನ್ನು ಸಂಪಾದಿಸುವಷ್ಟೇ ತೊಡಕಿನ ಕೆಲಸ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬುದು ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಎರಡು ವರ್ಷಗಳ ಉಳಿತಾಯವನ್ನು ಜಾವಾ ಮೋಟಾರು ಸೈಕಲ್ಲೊಂದಕ್ಕೆ ಸುರಿಯಲು ಹೊರಟು, ನನ್ನನ್ನೂ ಜೊತೆಗೆ ಕರೆದೊಯ್ದನು. ನಮ್ಮ ತಂದೆಯವರ ಜಾವಾವನ್ನು ನಾನು ಬಹುಕಾಲ ಓಡಿಸಿದವನೆಂಬುದು ಅವನಿಗೆ ಗೊತ್ತಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಈ ಬಂಡಿ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತಳೆಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆ ಹಳೆಯ ಜಾವಾಗಳು ಇಂದು ಅಪರೂಪ. ಆದರೆ ಅಪರೂಪವಾದುದೆಲ್ಲ ಬೆಲೆಬಾಳುವುದೆಂದು ಭಾವಿಸಲಾಗದು.

"ಬಣ್ಣ ನೋಡಿ ಸಾರ್, ಹೊಸದರ ಹಾಗಿದೆ" ಎಂದರು ಮಾರುವವರು. ನಾನು ಟ್ಯಾಂಕಿಗೆ ಅಯಸ್ಕಾಂತವೊಂದನ್ನು ಹಿಡಿದೆ. ಒಂದೆಡೆ ಅದು ಅಂಟಲಿಲ್ಲ. ಬಣ್ಣದ ಕೆಳಗೆ ತಗಡಿನ ಕುಳಿಯನ್ನು ಮುಚ್ಚಿದ ಪುಟ್ಟಿಯಿತ್ತು. ಎಂಜಿನ್ನನ್ನು ಮುಟ್ಟಿದರೆ ಬೆಚ್ಚಗಿತ್ತು. ನಾವು ಬರುವ ಮೊದಲೇ ಓಡಿಸಿಟ್ಟಿದ್ದರು. ತಣ್ಣಗಿರುವಾಗ ಎಷ್ಟನೆಯ ಒದೆತಕ್ಕೆ ಹೊತ್ತಿಕೊಳ್ಳುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಆದ್ದರಿಂದ ಕಾದು ಕುಳಿತೆವು.

ಜಾವಾದ್ದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ತುಸು ನೀಲಿ ಹೊಗೆ ಸಹಜ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲು ಸವೆದು ಗೇರಿನ ಎಣ್ಣೆ ಒಳಗೆ ನುಗ್ಗುತ್ತಿದೆಯೆಂದು ಅನುಮಾನಿಸಬೇಕು. ತಳದಿಂದ ಗುಡುಗುಡು ಸದ್ದು ಬಂದರೆ ಬೇರಿಂಗು ಸವೆದಿರಬಹುದು. ಇವೆರಡಕ್ಕೂ ಎಂಜಿನ್ ಬಿಚ್ಚಲೇಬೇಕು. ಆದರೂ ಇವು ದುರಸ್ತಿಯಾಗುವ ದೋಷಗಳೇ. ತಗಲುವ ವೆಚ್ಚವನ್ನು ಬೆಲೆಯಲ್ಲಿ ಕಳೆದರಾಯಿತು.

ಸೀಟು, ಟೈರು, ವೈರು, ಬಣ್ಣ ಇವೆಲ್ಲ ಮತ್ತೆ ದೊರೆಯುವಂಥವು. ಚೌಕಟ್ಟು, ಎಂಜಿನ್ನಿನ ಕವಚ ಮತ್ತು ಅವುಗಳ ಮೇಲೆ ಕೊರೆದ ಸಂಖ್ಯೆಗಳು ಹಾಗಲ್ಲ. ಆ ಸಂಖ್ಯೆಗಳು ನೋಂದಣಿ ಪತ್ರದೊಡನೆ ಅಕ್ಷರಶಃ ತಾಳೆಯಾಗಬೇಕು. ಸ್ವಂತ ಬಳಕೆಯ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ನಡೆದಿದೆಯೇ ಎಂಬುದನ್ನೂ ನೋಡಬೇಕು.

ಆ ಬಂಡಿಯ ಎಂಜಿನ್ ಸಂಖ್ಯೆ ಪತ್ರದೊಡನೆ ತಾಳೆಯಾಯಿತು. ಆದರೆ ಅಂಕಿಗಳು ಓರೆಕೋರೆಯಾಗಿದ್ದವು. ಸುತ್ತಲೂ ಅರದಿಂದ ಉಜ್ಜಿದ ಗುರುತಿತ್ತು. ನಾನು ಬೇಡವೆಂದೆ. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ.

ಆರು ತಿಂಗಳ ಬಳಿಕ ವೃದ್ಧರೊಬ್ಬರ ಹಿತ್ತಿಲಿನಲ್ಲಿ ಅವನಿಗೆ ಇನ್ನೊಂದು ಜಾವಾ ಸಿಕ್ಕಿತು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಎಂಜಿನ್ ತಿರುಗುತ್ತಿರಲಿಲ್ಲ. ಕಾಗದಪತ್ರ, ಸಂಖ್ಯೆ, ಚೌಕಟ್ಟು ಮಾತ್ರ ನಿಷ್ಕಳಂಕ. "ಇದನ್ನು ಕೊಳ್ಳಪ್ಪ" ಎಂದೆ. ಉಳಿದ ಹಣ ದುರಸ್ತಿಗೆ ಸಾಕಾಯಿತು. ಈಗ ಭಾನುವಾರಗಳಂದು ಅದರ ಸದ್ದು ನಮ್ಮ ಬೀದಿಯ ತಿರುವಿನಲ್ಲೇ ನನಗೆ ಕೇಳಿಸುತ್ತದೆ.