ಆ ಕೆಂಪು ಚುಕ್ಕೆ ಬೆವರುಸಾಲೆಯೇ ಆಗಿರಬೇಕಿಲ್ಲ

ಕಾಲಿನ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಕಾಣಿಸಿದರೆ ನೀವೇನು ಮಾಡ್ತೀರಿ? ಬೆವರುಸಾಲೆ ಅಂತ ಪೌಡರ್ ಹಾಕಿಕೊಂಡು ಅಡುಗೆಮನೆಗೆ ಹೋಗ್ತೀರಿ, ಅಲ್ವಾ? ಒಂದು ಸಲ ಗಾಜಿನ ಲೋಟದಿಂದ ಚುಕ್ಕೆಯನ್ನು ಒತ್ತಿ ನೋಡಿ. ಬಣ್ಣ ಮಾಸದಿದ್ದರೆ ಅದು ಚರ್ಮದೊಳಗೆ ರಕ್ತ ಜಿನುಗಿರುವ ಗುರುತು ಇರಬಹುದು. ಪ್ಲೇಟ್‌ಲೆಟ್ ತೀರಾ ಇಳಿದಾಗ ಹೀಗಾಗುತ್ತದೆ. ಮಳೆಗಾಲದಲ್ಲಿ ನಮಗೆ ಥಟ್ಟನೆ ನೆನಪಾಗುವುದು ಡೆಂಗೆ. ಆದರೆ ಜ್ವರ ಬಿಟ್ಟು ವಾರಗಳಾದರೂ ಪ್ಲೇಟ್‌ಲೆಟ್ ಒಂದು ಲಕ್ಷದ ಮೇಲೆ ಏರದಿದ್ದರೆ ಬೇರೆ ಕಾರಣ ಹುಡುಕಲೇಬೇಕು. ಅದರಲ್ಲೊಂದು ಲೂಪಸ್, ಅಂದರೆ ಎಸ್‌ಎಲ್‌ಇ.

ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು, ಹೆಚ್ಚಿನವರು 15ರಿಂದ 45 ವರ್ಷದೊಳಗಿನವರು. ಕೀಲುನೋವು, ಕೆನ್ನೆಯ ಮೇಲೆ ಚಿಟ್ಟೆಯಾಕಾರದ ಕೆಂಪು, ಬಿಸಿಲು ತಾಗದಿರುವುದು ಇವೆಲ್ಲ ನೀವು ಓದಿರುವ ಲಕ್ಷಣಗಳೇ. ಅಪರೂಪದವು ಮಾತ್ರ ಬೇರೆ ವೇಷದಲ್ಲಿ ಬರುತ್ತವೆ.

ಹಿಮೋಗ್ಲೋಬಿನ್ ಕಡಿಮೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಖರ್ಜೂರ, ನುಗ್ಗೆಸೊಪ್ಪು, ಕಬ್ಬಿಣದ ಮಾತ್ರೆ ಶುರು. ಲೂಪಸ್ ಇರುವ ಕೆಲವರಲ್ಲಿ ದೇಹವೇ ತನ್ನ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಇದಕ್ಕೆ ಕಬ್ಬಿಣ ಎಷ್ಟು ತಿಂದರೂ ಉಪಯೋಗವಿಲ್ಲ. ಏದುಸಿರು, ಹಳದಿಗಣ್ಣು, ಗಾಢ ಬಣ್ಣದ ಮೂತ್ರ ಕಂಡರೆ ಕಾಮಾಲೆ ಅಂತ ನಾಟಿ ಔಷಧಿಗೆ ಓಡಬೇಡಿ. ಕೂಂಬ್ಸ್ ಟೆಸ್ಟ್ ಬೇಕೇ ಅಂತ ಡಾಕ್ಟರನ್ನು ಕೇಳಿ. ಪ್ಲೇಟ್‌ಲೆಟ್‌ಗಳೂ ಜೊತೆಗೇ ನಾಶವಾಗುತ್ತಿದ್ದರೆ ಅದಕ್ಕೆ ಇವಾನ್ಸ್ ಸಿಂಡ್ರೋಮ್ ಎನ್ನುತ್ತಾರೆ.

ಚರ್ಮದ್ದು ಇನ್ನೊಂದು ಕತೆ. ಲೂಪಸ್‌ನಲ್ಲಿ ಅಪರೂಪಕ್ಕೆ ಬಿಗಿಯಾದ ನೀರುಗುಳ್ಳೆಗಳು ಏಳುತ್ತವೆ. ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿದರೆ ಹೋಗುವಂಥದ್ದಲ್ಲ. ಚರ್ಮದ ಚೂರು ತೆಗೆದು ಪರೀಕ್ಷಿಸಿದರೇ ಗೊತ್ತಾಗೋದು. ಡಾಪ್ಸೋನ್ ಎಂಬ ಹಳೆಯ ಮಾತ್ರೆ ಹಲವರಿಗೆ ಚೆನ್ನಾಗಿ ಹಿಡಿಸುತ್ತದೆ, ಆದರೆ ಅದಕ್ಕೂ ಮೊದಲು ಜಿ6ಪಿಡಿ ರಕ್ತಪರೀಕ್ಷೆ ಆಗಬೇಕು.

ತೊಡೆ, ಕಾಲಿನ ಮೇಲೆ ಬಲೆ ಹೆಣೆದಂತೆ ನೇರಳೆ ಗೆರೆಗಳಿದ್ದು, ಮತ್ತೆ ಮತ್ತೆ ಗರ್ಭ ನಿಲ್ಲದೆ ಹೋಗುತ್ತಿದ್ದರೆ ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ತೊಂದರೆ ಇರಬಹುದು. (ಸೊಸೆಯ ಕಾಲ್ಗುಣ ಅನ್ನುವ ಅತ್ತೆಯರು ಈ ಸಾಲನ್ನು ಎರಡು ಸಲ ಓದಲಿ.) ಇದನ್ನು ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ಮುಂದಿನ ಬಸಿರು ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ.

ಎಎನ್‌ಎ ಪಾಸಿಟಿವ್ ಬಂತೆಂದು ಗಾಬರಿಯಾಗಬೇಡಿ. ಆರೋಗ್ಯವಂತರಲ್ಲೂ ಅದು ಬರುವುದುಂಟು. ರುಮಟಾಲಜಿಸ್ಟ್ ಹತ್ತಿರ ಹೋಗಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದುಕೊಟ್ಟರೆ ಅವರು ಹೇಳಿದಾಗ ಕಣ್ಣು ತೋರಿಸಿ. ಮುಖ ಊದಿತೆಂದು ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಲೇಬೇಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ವಸಡಿನಿಂದ ನಿಲ್ಲದ ರಕ್ತ, ಕಪ್ಪು ಮಲ, ಹಠಾತ್ ತಲೆನೋವು, ಮಾತು ತೊದಲುವುದು, ಒಂದೇ ಕಾಲು ಊದುವುದು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.