ಹಿಮದ ನಾಡಿನ ಯಂತ್ರ, ಮರಳುಗಾಡಿನ ಟೈರು

ಸೌದಿ ಅರೇಬಿಯಾದ ಜುಬೈಲ್, ದಮ್ಮಾಮ್, ರಿಯಾದ್‌ನ ಕಟ್ಟಡ ಕಾಮಗಾರಿಗಳಲ್ಲಿ ನಿಂತಲ್ಲೇ ಗಿರಕಿ ಹೊಡೆಯುತ್ತ ಮಣ್ಣು ತುಂಬುವ ಪುಟ್ಟ ಯಂತ್ರವೊಂದಿದೆ. ಕಡತದಲ್ಲಿ ಅದು ಸ್ಕಿಡ್ ಸ್ಟಿಯರ್ ಲೋಡರ್. ಯಾವ ಕಂಪನಿಯದಾದರೂ ಆಪರೇಟರ್‌ಗಳ ಬಾಯಲ್ಲಿ ಮಾತ್ರ ಬಾಬ್‌ಕ್ಯಾಟ್.

ಅದು ಹುಟ್ಟಿದ್ದು ಹಿಮ ಸುರಿಯುವ ಸೀಮೆಯಲ್ಲಿ. ಅಮೆರಿಕದ ಮಿನ್ನೆಸೋಟದಲ್ಲಿ ಲೂಯಿಸ್ ಮತ್ತು ಸಿರಿಲ್ ಕೆಲ್ಲರ್ ಎಂಬ ಸೋದರರು ಟರ್ಕಿ ಕೋಳಿ ಸಾಕುವ ರೈತನೊಬ್ಬನ ಕೊಟ್ಟಿಗೆಯ ಗೊಬ್ಬರ ಬಳಿಯಲು 1957ರಲ್ಲಿ ಮೂರು ಚಕ್ರದ ಲೋಡರ್ ಮಾಡಿಕೊಟ್ಟರು. 1960ರಲ್ಲಿ ಮೆಲ್ರೋ ಕಂಪನಿ ಅದಕ್ಕೆ ನಾಲ್ಕು ಚಕ್ರ ಕೊಟ್ಟಿತು. ಈ ಯಂತ್ರದ ಚಕ್ರಗಳು ಕಾರಿನಂತೆ ಹೊರಳುವುದಿಲ್ಲ. ಒಂದು ಬದಿಯವು ಮುಂದಕ್ಕೆ, ಇನ್ನೊಂದು ಬದಿಯವು ಹಿಂದಕ್ಕೆ ಉರುಳಿದಾಗ ಟೈರುಗಳು ನೆಲವನ್ನು ಅಡ್ಡಡ್ಡ ಉಜ್ಜಿಕೊಂಡೇ ತಿರುಗಬೇಕು. ಹಿಮದಲ್ಲಿ ಇದಕ್ಕೆ ಅಗಲ ಕಡಿಮೆಯ ಟೈರು ಒಳ್ಳೆಯದು. ಅದು ಹಿಮವನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಮಂಜುಗಡ್ಡೆಯಾದರೆ ಟೈರಿಗೆ ಸರಪಳಿ ಸುತ್ತುತ್ತಾರೆ.

ಸೌದಿಯಲ್ಲೂ ಹಿಮವಿಲ್ಲವೆಂದಲ್ಲ, ತಬೂಕ್ ಕಡೆಯ ಜಬಲ್ ಅಲ್ ಲೌಜ್ ಬೆಟ್ಟ ಕೆಲವು ಚಳಿಗಾಲಗಳಲ್ಲಿ ಬೆಳ್ಳಗಾಗುತ್ತದೆ. ಆದರೆ ಆ ದೇಶದಲ್ಲಿ ದಿನನಿತ್ಯದ ಎದುರಾಳಿ ಮರಳು. ಮರಳನ್ನು ಎಷ್ಟು ಸೀಳಿದರೂ ಕೆಳಗೆ ಸಿಗುವುದು ಮತ್ತೆ ಮರಳೇ. ಹಾಗಾಗಿ ಮರಳಲ್ಲಿ ಟೈರು ಮೇಲೆ ತೇಲಬೇಕು.

ಆ ವಿದ್ಯೆ ಬಾಬ್‌ಕ್ಯಾಟ್‌ಗಿಂತ ಹಳೆಯದು. 1920ರ ದಶಕದ ಕೊನೆಗೆ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಫೋರ್ಡ್ ಕಾರುಗಳನ್ನು ಮರಳ ದಿಬ್ಬಗಳ ಮೇಲೆ ಹತ್ತಿಸಿದರು. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದಡಿ ಕಬ್ಬಿಣದ ಹಲಗೆ ತೂರಿಸುವುದು ಅವರ ತಂಡ ರೂಢಿಸಿಕೊಂಡ ಕ್ರಮ. ಅತ್ತ ಸೌದಿಯಲ್ಲಿ 1933ರ ಸೆಪ್ಟೆಂಬರಿನಲ್ಲಿ ಅಮೆರಿಕದ ಭೂವಿಜ್ಞಾನಿಗಳು ತೈಲ ಹುಡುಕಲು ಜುಬೈಲ್ ದಡಕ್ಕಿಳಿದರು. ಒಂಟೆಯ ಜೊತೆಗೆ ಕಾರನ್ನೂ ನಂಬಿದ ಅವರಿಗೂ ಮರಳೇ ಗುರು. 1958ರ ಹೊತ್ತಿಗೆ ತೈಲ ಕಂಪನಿ ಅರಾಮ್ಕೊಗಾಗಿ ಕೆನ್‌ವರ್ತ್ 953 ಎಂಬ ದೈತ್ಯ ಟ್ರಕ್ಕೇ ತಯಾರಾಯಿತು. ರುಬ್ ಅಲ್ ಖಾಲಿ ಮರುಭೂಮಿಯ ಮರಳಲ್ಲಿ ಅದರ ಭಾರ ಹೊತ್ತದ್ದು ಡೊಳ್ಳು ಹೊಟ್ಟೆಯ ಅಗಲ ಟೈರುಗಳು.

ಗಾಳಿ ಇಳಿಸುವುದರ ಹಿಂದಿನ ಲೆಕ್ಕ ಸರಳ. ಎರಡು ಟನ್ ಗಾಡಿಯ ಒಂದೊಂದು ಚಕ್ರದ ಮೇಲೆ 500 ಕಿಲೋ. ಗಾಳಿಯ ಒತ್ತಡ 35 ಪಿಎಸ್‌ಐ ಇದ್ದರೆ ಟೈರು ಸುಮಾರು 200 ಚದರ ಸೆಂಟಿಮೀಟರ್ ನೆಲ ಮುಟ್ಟುತ್ತದೆ; 15ಕ್ಕೆ ಇಳಿಸಿದರೆ 470ರ ಆಸುಪಾಸು. ಚಾಲಕರು ವಾಲ್ವಿನ ಮುಚ್ಚಳ ತೆಗೆದು, ಒಳಗಿನ ಪಿನ್ನನ್ನು ಕಡ್ಡಿಯಿಂದ ಒತ್ತಿ ಹಿಡಿಯುತ್ತಾರೆ. ಬುಸ್ಸೆನ್ನುತ್ತ ಗಾಳಿ ಹೋದಂತೆ ಟೈರಿನ ಪಕ್ಕೆ ಉಬ್ಬಿ, ಅಡಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಡಾಂಬರು ರಸ್ತೆಗೆ ಮರಳುವಾಗ ಮತ್ತೆ ತುಂಬಲೇಬೇಕು. ಇಲ್ಲದಿದ್ದರೆ ಆ ಬಿಸಿಲಲ್ಲಿ, ವೇಗದಲ್ಲಿ, ಟೈರು ಕಾದು ಸಿಡಿಯಬಹುದು.

ಇಷ್ಟು ಚೆಂದದ ಉಪಾಯ ಬಾಬ್‌ಕ್ಯಾಟ್‌ಗೆ ಒಗ್ಗುವುದಿಲ್ಲ. ಗಾಳಿ ಕಡಿಮೆಯಾದ ಟೈರು ಅಡ್ಡ ಉಜ್ಜಿದರೆ ಅದರ ಅಂಚು ರಿಮ್ಮಿನಿಂದ ಕಿತ್ತು ಬರಬಹುದು. ಗಾಳಿ ಬಿಗಿಯಾಗಿಟ್ಟರೆ, ತಿರುಗಿದಾಗಲೆಲ್ಲ ಚಕ್ರ ತನ್ನ ಪಕ್ಕಕ್ಕೆ ಮರಳಿನ ಒಡ್ಡು ಎಬ್ಬಿಸಿ ತಾನೇ ತೋಡಿದ ಗುಂಡಿಗೆ ಇಳಿಯುತ್ತದೆ. ಕೆಸರಿಗೆಂದು ಮಾಡಿದ ಆಳವಾದ ಹಲ್ಲುಗಳ ಟೈರು ಇನ್ನೂ ಬೇಗ ಅಗೆಯುತ್ತದೆ. ಜುಬೈಲ್ ಸುತ್ತಲಿನ ಸಬ್ಖಾ ಎಂಬ ಉಪ್ಪು ಬಯಲಂತೂ ಮೋಸದ ನೆಲ. ಮೇಲೆ ಗಟ್ಟಿ ಪದರ, ಒಳಗೆ ಒದ್ದೆ ಕೆಸರು.

ಇದಕ್ಕೆ ಕಾರ್ಖಾನೆಗಳು ಕೊಟ್ಟ ಉತ್ತರ ಅಗಲವಾದ, ಹಲ್ಲು ಕಡಿಮೆಯ ಟೈರು. ಆಮೇಲೆ ರಬ್ಬರ್ ಪಟ್ಟಿಯ ಟ್ರ್ಯಾಕ್. ಆದರೆ ಯಂತ್ರ ಹೂಳದಂತೆ ಕಾಯುವುದು ಹೆಚ್ಚಾಗಿ ಆಪರೇಟರ್‌ನ ಕೈ. ಈ ವಿದ್ಯೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂಬುದು ನನ್ನ ಕೊರಗು. ಬಕೆಟ್ ಖಾಲಿ ಇದ್ದಾಗ ಭಾರ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲೆ, ತುಂಬಿದಾಗ ಮುಂದಿನವುಗಳ ಮೇಲೆ. ಭಾರ ಎತ್ತ ಕೂತಿದೆಯೋ ಅತ್ತಲಿನ ಚಕ್ರ ನೆಲ ಕಚ್ಚುತ್ತದೆ, ಹಗುರಾದದ್ದು ಜಾರುತ್ತದೆ. ಆದ್ದರಿಂದ ನುರಿತವರು ಸಡಿಲ ಮರಳಲ್ಲಿ ಗಿರಕಿ ಹೊಡೆಸುವುದಿಲ್ಲ. ತುಸು ಮುಂದೆ, ತುಸು ಹಿಂದೆ ಸರಿಸುತ್ತ, ಪ್ರತಿಸಲ ಚೂರುಚೂರೇ ಮೂತಿ ಹೊರಳಿಸಿ, ತಾವು ಬಂದ ಗಾಲಿಯ ಜಾಡಿನಲ್ಲೇ ಹೊರಬರುತ್ತಾರೆ.